ಮಂಚ ಎತ್ತರಿಸಿದ ದಿನ

16 ನವೆಂಬರ್ 2024, ಶನಿವಾರ
ಆಮ್ಸ್ಟೆಲ್ವೇನ್, ನೆದರ್ಲೆಂಡ್ಸ್

ಇಂದಿಗೆ 34 ವಾರ ತುಂಬಿತು. ಈ ದೇಶದಲ್ಲಿ ದುಡಿಯುವ ಗರ್ಭಿಣಿಗೆ 16 ವಾರಗಳ ಸಂಬಳಸಹಿತ ರಜೆಯುಂಟು. ಅದನ್ನು ಹೆರಿಗೆಯ ಲೆಕ್ಕದ ದಿನಕ್ಕೆ ಆರು ವಾರ ಮೊದಲಿನಿಂದ ತೆಗೆದುಕೊಳ್ಳಬಹುದಾದ್ದರಿಂದ, ನಿನ್ನೆ ಸಂಜೆ ಕಚೇರಿಯ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಮನೆಗೆ ಬಂದೆ. ನನ್ನ ಲೆಕ್ಕದ ದಿನ ಡಿಸೆಂಬರ್ 28. ಬೆಳಿಗ್ಗೆ ನಮ್ಮವರೂ ಅವರ ಗೆಳೆಯರೊಬ್ಬರೂ ಸೇರಿ ಮಲಗುವ ಕೋಣೆಯ ಮಂಚವನ್ನು ಎತ್ತಿ, ಅದರ ನಾಲ್ಕು ಕಾಲುಗಳ ಕೆಳಗೆ ಎರವಲು ತಂದ ಕೊರಡುಗಳನ್ನಿಟ್ಟರು. ಹಾಸಿಗೆಯ ಮೇಲ್ಭಾಗ ಈಗ ನೆಲದಿಂದ ಸುಮಾರು 80 ಸೆಂಟಿಮೀಟರ್ ಎತ್ತರದಲ್ಲಿದೆ. ಮನೆಗೆ ಬಂದು ಬಾಣಂತಿಯನ್ನು ನೋಡಿಕೊಳ್ಳುವ ಹೆಂಗಸು ದಿನವಿಡೀ ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಳ್ಳಬಾರದೆಂದು ಇಲ್ಲಿ ಹೀಗೊಂದು ನಿಯಮವಿದೆ.

ಬಾಣಂತಿಯನ್ನು ನೋಡಿಕೊಳ್ಳುವ ಈ ಏರ್ಪಾಡಿಗೆ ಇಲ್ಲಿಯವರು ಕ್ರಾಮ್‌ಝೋರ್ಖ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಬಾಣಂತನವೆಂಬ ಪದವಲ್ಲದೆ ಬೇರೆ ಪದ ನನಗೆ ಹೊಳೆಯುವುದಿಲ್ಲ. ಹೆರಿಗೆಯಾದ ದಿನದಿಂದ ಸಾಮಾನ್ಯವಾಗಿ ಎಂಟು ದಿನಗಳಲ್ಲಿ ಒಟ್ಟು 49 ಗಂಟೆ, ಕಡಿಮೆಯೆಂದರೂ 24 ಗಂಟೆ, ತರಬೇತಿ ಪಡೆದ ಆರೈಕೆದಾರಳೊಬ್ಬಳು ಮನೆಗೆ ಬರುತ್ತಾಳೆ. ಅವಳು ತಾಯಿಯ ಮತ್ತು ಮಗುವಿನ ಜ್ವರ ನೋಡುತ್ತಾಳೆ, ಗರ್ಭಕೋಶ ಸರಿಯಾಗಿ ಇಳಿಯುತ್ತಿದೆಯೇ ಎಂದು ಹೊಟ್ಟೆ ಮುಟ್ಟಿ ಪರೀಕ್ಷಿಸುತ್ತಾಳೆ, ಮಗುವಿನ ತೂಕ ಬರೆದಿಡುತ್ತಾಳೆ, ಹಾಲೂಡಿಸುವುದನ್ನು ಪಕ್ಕದಲ್ಲೇ ಕುಳಿತು ಕಲಿಸುತ್ತಾಳೆ, ಬಚ್ಚಲನ್ನೂ ತೊಳೆಯುತ್ತಾಳೆ. ಇದರ ಬಹುಪಾಲು ವೆಚ್ಚವನ್ನು ಎಲ್ಲರಿಗೂ ಕಡ್ಡಾಯವಾದ ಆರೋಗ್ಯ ವಿಮೆಯೇ ಭರಿಸುತ್ತದೆ. ಗಂಟೆಗೆ ಕೆಲವು ಯೂರೋಗಳಷ್ಟನ್ನು ಮಾತ್ರ ನಾವು ಕೊಡಬೇಕು. ಗರ್ಭ ನಿಂತ ಮೂರು ತಿಂಗಳಲ್ಲೇ ಇದಕ್ಕೆ ಹೆಸರು ಬರೆಸಿರೆಂದು ಸೂಲಗಿತ್ತಿ ಹೇಳಿದಾಗ, ಹೆರಿಗೆಗೆ ಇನ್ನೂ ಆರು ತಿಂಗಳಿರುವಾಗಲೇ ಬಾಣಂತನದ ಮಾತೇಕೆಂದು ನನಗೆ ಇರುಸುಮುರುಸಾಗಿತ್ತು. ಆ ಇರುಸುಮುರುಸಿನ ಮೂಲ ಎಲ್ಲಿದೆಯೆಂದು ಸರಿಯಾಗಿ ತಿಳಿದದ್ದು ಈ ವಾರ.

ಸೂಲಗಿತ್ತಿ ಎಂಬ ಪದವನ್ನು ಇಲ್ಲಿ ತಿಳಿದೇ ಬಳಸುತ್ತಿದ್ದೇನೆ. ಈ ದೇಶದಲ್ಲಿ ಗರ್ಭಿಣಿಗೆ ವಿಶೇಷ ತೊಂದರೆಯಿಲ್ಲದಿದ್ದರೆ ಅವಳನ್ನು ಮೊದಲಿನಿಂದ ಕೊನೆಯವರೆಗೆ ನೋಡುವವಳು ಫೆರ್ಲೋಸ್ಕುಂಡಿಗೆ ಎಂಬ ಸೂಲಗಿತ್ತಿಯೇ. ನಾಲ್ಕು ವರ್ಷ ಓದಿ ಪದವಿ ಪಡೆದವಳು. ತಿಪಟೂರಿನಲ್ಲಿ ನನ್ನ ಅಕ್ಕ ಬಸುರಿಯಾಗಿದ್ದಾಗ ಪ್ರತಿ ತಿಂಗಳೂ ವೈದ್ಯರ ಮುಂದೆ ಸಾಲಿನಲ್ಲಿ ಕುಳಿತದ್ದನ್ನು ಕಂಡಿದ್ದ ನನಗೆ, ಈ ಎಂಟು ತಿಂಗಳಲ್ಲಿ ಪ್ರಸೂತಿ ತಜ್ಞರ ಮುಖವನ್ನೇ ನೋಡದಿರುವುದು ಮೊದಮೊದಲು ಭಯ ಹುಟ್ಟಿಸಿತು. ಇಂದಿಗೂ ಇಲ್ಲಿ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಹೆರಿಗೆಗಳು ಮನೆಯಲ್ಲೇ ಆಗುತ್ತವೆ. ನಾವು ಆಸ್ಪತ್ರೆಯನ್ನೇ ಆರಿಸಿಕೊಂಡೆವು, ಸೂಲಗಿತ್ತಿ ಒಂದು ಮಾತೂ ಎದುರಾಡದೆ ಬರೆದುಕೊಂಡಳು. 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ತಿಳಿಯಬೇಕೇ ಎಂದು ಸಹಜವಾಗಿ ಕೇಳಿದರು. 1994ರ ಕಾಯಿದೆ ನಮ್ಮ ದೇಶದಲ್ಲಿ ಆ ಮಾತನ್ನು ಏಕೆ ನಿಷೇಧಿಸಿದೆಯೆಂದು ಬಲ್ಲ ನನಗೆ ಆ ಪ್ರಶ್ನೆ ಕೇಳಿಯೇ ಎದೆ ಡವಗುಟ್ಟಿತು. ಬೇಡವೆಂದೆವು.

ಗುರುವಾರ ಮಧ್ಯಾಹ್ನ ಕ್ರಾಮ್‌ಝೋರ್ಖ್ ಸಂಸ್ಥೆಯಿಂದ ಐವತ್ತರ ಆಸುಪಾಸಿನ ಒಬ್ಬಾಕೆ ಮನೆ ನೋಡಲು ಬಂದಿದ್ದರು. ಚಹಾ ಕುಡಿದು, ನನ್ನ ನಿದ್ದೆ, ಊಟ, ಮನಸ್ಸಿನ ಸ್ಥಿತಿಯನ್ನೆಲ್ಲ ವಿಚಾರಿಸಿ, ಕೊನೆಗೆ ಒಂದು ಪಟ್ಟಿಯನ್ನು ಮೇಜಿನ ಮೇಲಿಟ್ಟರು. ತೊಟ್ಟಿಲು, ಹೊಸ ಹಾಸಿಗೆ, ಹೊದಿಕೆಗಳು, ಅಂಗಿಗಳು, ಎರಡು ಟೊಪ್ಪಿಗೆ, ಜ್ವರಮಾಪಕ, ಸ್ನಾನದ ತೊಟ್ಟಿ, ಕಾರಿನಲ್ಲಿ ಮಗುವನ್ನು ಕೂರಿಸುವ ಆಸನ, ಹತ್ತಿಯ ತೆಳುಬಟ್ಟೆಯ ಚೌಕಗಳು, ಮಗುವಿನ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಎರಡು ಲೋಹದ ಕ್ರೌಕ್‌ಗಳು. ಇವೆಲ್ಲ 37ನೇ ವಾರದ ಹೊತ್ತಿಗೆ, ಅಂದರೆ ಡಿಸೆಂಬರ್ 7ಕ್ಕೆ, ಒಗೆದು ಮಡಿಸಿ ಸಿದ್ಧವಾಗಿರಬೇಕು. ನಮ್ಮ ಮನೆಯಲ್ಲಿ ಅಷ್ಟರಲ್ಲಿ ಒಂದೂ ಇರಲಿಲ್ಲ. ವಿಮೆಯವರು ಕಳಿಸಿದ ಹೆರಿಗೆ ಸಾಮಗ್ರಿಯ ಪೆಟ್ಟಿಗೆಯನ್ನು ಕೂಡ ಬಾಗಿಲ ಹಿಂದೆ ಒಡೆಯದೆ ಇಟ್ಟಿದ್ದೆ. ಆಕೆ ಅದನ್ನು ಗಮನಿಸಿ, ಮೃದುವಾಗಿಯೇ, ಏಕೆ ಇನ್ನೂ ತೆರೆದಿಲ್ಲವೆಂದು ಕೇಳಿದರು. ನನಗೆ ಉತ್ತರ ಕೊಡಲಾಗಲಿಲ್ಲ.

ನಮ್ಮ ಮನೆಯಲ್ಲಿ ಮಗು ಹುಟ್ಟುವ ಮೊದಲು ಮಗುವಿಗೆಂದು ಏನನ್ನೂ ಕೊಳ್ಳುವುದಿಲ್ಲ. ಅನೇಕ ಮನೆಗಳಲ್ಲಿ ಈ ರೂಢಿ ಇದೆ, ಆದರೆ ನಮ್ಮಲ್ಲಿ ಇದಕ್ಕೊಂದು ಹಿನ್ನೆಲೆಯೂ ಇದೆ. ನನ್ನ ಅಜ್ಜಿಯ ಚೊಚ್ಚಲ ಹೆರಿಗೆಗೆ ಮುತ್ತಜ್ಜ ಹಲಸಿನ ಮರದಲ್ಲಿ ತೊಟ್ಟಿಲು ಮಾಡಿಸಿ, ಬಣ್ಣ ಹಚ್ಚಿಸಿ, ನಡುಮನೆಯ ತೊಲೆಗೆ ತೂಗುಹಾಕಿ ಕಾದಿದ್ದರಂತೆ. ಆ ಮಗು ಉಳಿಯಲಿಲ್ಲ. ಬಾಣಂತಿ ಮಲಗಿದ ಕೋಣೆಯಿಂದ ಕಣ್ಣಿಗೆ ಬೀಳುತ್ತಿದ್ದ ಬರಿದಾದ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಲು ಮೂರು ದಿನ ಯಾರಿಗೂ ಕೈ ಬರಲಿಲ್ಲವೆಂದು ಅಜ್ಜಿ ನನಗೆ ಒಮ್ಮೆ ಮಾತ್ರ ಹೇಳಿದ್ದರು. ಎರಡು ವರ್ಷದ ನಂತರ ನನ್ನ ಅಮ್ಮ ಹುಟ್ಟಿದಾಗ ಮನೆಯಲ್ಲಿ ಒಂದು ತುಂಡು ಹೊಸ ಬಟ್ಟೆಯೂ ಇರಲಿಲ್ಲ; ತಾತನ ಹಳೆಯ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡರು. ಆಮೇಲಿನ ಮಕ್ಕಳಿಗೂ ಮೊಮ್ಮಕ್ಕಳಿಗೂ ಅದೇ ಕ್ರಮ. ಆದ್ದರಿಂದ ಆ ಪಟ್ಟಿಯನ್ನು ಕಂಡಾಗ ನನಗಾದದ್ದು ಖರ್ಚಿನ ಚಿಂತೆಯಲ್ಲ. ವಿಧಿಯ ಗಮನವನ್ನು ಮನೆಯ ಕಡೆಗೆ ನಾನೇ ಸೆಳೆಯುತ್ತಿದ್ದೇನೆಯೇ ಎಂಬ ದಿಗಿಲು.

ಇದನ್ನು ಆಕೆಗೆ ನನ್ನ ಮುರುಕು ಡಚ್‌ನಲ್ಲಿಯೂ ಇಂಗ್ಲಿಷಿನಲ್ಲಿಯೂ ಹೇಗೋ ಹೇಳಿದೆ. ಆಕೆ ನಗಲಿಲ್ಲ, ಮೂಢನಂಬಿಕೆ ಎನ್ನಲಿಲ್ಲ. ತಾವು ಹೇಗ್ ನಗರದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದಾಗಿಯೂ, ಅಲ್ಲಿ, ಹಿಂದೆ ಡಚ್ಚರ ವಸಾಹತಾಗಿದ್ದ ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದ ಹಿಂದೂಸ್ತಾನಿ ಮನೆಗಳಲ್ಲಿ ಇಂಥ ಮಾತುಗಳನ್ನು ಕೇಳಿದ್ದಾಗಿಯೂ ಹೇಳಿದರು. 1873ರಲ್ಲಿ ಕಲ್ಕತ್ತೆಯಿಂದ ಲಲ್ಲಾ ರೂಖ್ ಎಂಬ ಹಡಗಿನಲ್ಲಿ ಸುರಿನಾಮಿಗೆ ಕೂಲಿಗಳಾಗಿ ಹೋದವರ ಮತ್ತು ಅವರ ಹಿಂದೆ ಬಂದ ಹಡಗುಗಳವರ ಸಂತತಿ ಅದು. ಮಗು ಹುಟ್ಟಿದ ಆರನೆಯ ದಿನ ಮಾಡುವ ಛಟ್ಟಿ ಎಂಬ ಆಚರಣೆಯನ್ನು ಅವರು ಮೂರು ಖಂಡ ದಾಟಿದರೂ ಬಿಟ್ಟಿಲ್ಲ. ಆಮೇಲೆ ಆಕೆ ಒಂದೇ ಮಾತು ಹೇಳಿದರು: ಪಟ್ಟಿಯಲ್ಲಿ ಹೊಸದು ಬೇಕೆಂದು ಬರೆದಿರುವುದು ಹಾಸಿಗೆಯೊಂದಕ್ಕೆ ಮಾತ್ರ, ಉಳಿದದ್ದೆಲ್ಲ ಹಳೆಯದಾದರೂ ಸ್ವಚ್ಛವಾಗಿದ್ದರೆ ಸಾಕು.

ಆ ಮಾತು ಅವರು ಹೋದ ಮೇಲೂ ನನ್ನಲ್ಲಿ ಉಳಿಯಿತು. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಳಿದ ಮಕ್ಕಳ ಬಟ್ಟೆ ತಂದು ಇಟ್ಕೊಂಡ್ರೆ ಅದು ಕೊಂಡಂಗಲ್ಲ ಕಣೇ, ಅದು ಆಶೀರ್ವಾದ," ಎಂದರು. ನಮ್ಮವರು ಆಗಲೇ ಹಳೆಯ ಸಾಮಾನು ಮಾರುವ ಮಾರ್ಕ್ಟ್‌ಪ್ಲಾಟ್ಸ್ ಜಾಲತಾಣದಲ್ಲಿ ಹುಡುಕತೊಡಗಿದರು. ನಿನ್ನೆ ರಾತ್ರಿ ಪಕ್ಕದ ಊರಿನ ಒಂದು ಕುಟುಂಬದಿಂದ ಮರದ ತೊಟ್ಟಿಲು ತಂದರು. ಅವರ ಮೂರು ಮಕ್ಕಳೂ ಅದರಲ್ಲಿ ಮಲಗಿ ಬೆಳೆದಿದ್ದಾರೆ, ದೊಡ್ಡವಳಿಗೆ ಈಗ ಹನ್ನೊಂದು ವರ್ಷ. ಒಂದು ಅಂಚಿನಲ್ಲಿ ಪುಟ್ಟ ಹಲ್ಲುಗಳ ಗುರುತಿದೆ. ಅದರ ಫೋಟೋ ಕಳಿಸಿದಾಗ ಅಮ್ಮ ಮೊದಲು ನೋಡಿದ್ದು ಆ ಗುರುತನ್ನೇ.

ಹತ್ತಿಯ ಚೌಕಗಳ ವಿಷಯವಂತೂ ಅಮ್ಮನಿಗೆ ವಿವರಿಸಬೇಕಾಗಲೇ ಇಲ್ಲ. ಇಲ್ಲಿ ಹೈಡ್ರೋಫೀಲೆ ದೂಕ್ ಎಂದು ಕಟ್ಟುಕಟ್ಟಾಗಿ ಮಾರುವ ಆ ಬಟ್ಟೆ ಒಗೆದು ಒಗೆದು ಮೆತ್ತಗಾದ ಪಂಚೆಯದೇ ಜಾತಿ. ಬಾಯಿ ಒರೆಸಲು, ಸುತ್ತಲು, ಹಾಸಲು ಎಲ್ಲಕ್ಕೂ ಅದೇ. ಅಮ್ಮ ತಮ್ಮ ಎರಡು ಹಳೆಯ ನೂಲಿನ ಸೀರೆಗಳನ್ನು ಹರಿದು ಅಂಚು ಹೊಲಿಯುತ್ತಿದ್ದಾರೆ. ಒಂದು, ನಾನು ಹುಟ್ಟಿದಾಗ ಅಮ್ಮನ ಬಾಣಂತನದಲ್ಲಿ ಅಜ್ಜಿ ಉಡುತ್ತಿದ್ದದ್ದಂತೆ.

ಅಮ್ಮ ಬರುವುದು ಡಿಸೆಂಬರ್ 18ಕ್ಕೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮಲ್ಲಿ ಎಲ್ಲರ ಆಸೆಯಾಗಿತ್ತು, ನನ್ನದೂ ಹೌದು. ಆದರೆ ಮಗುವಿನ ಪಾಸ್‌ಪೋರ್ಟ್, ಇಲ್ಲಿಯ ವಾಸದ ಪರವಾನಗಿ ಇವೆಲ್ಲ ಮುಗಿಯುವವರೆಗೆ ಮಗು ತಂದೆಯಿಂದ ತಿಂಗಳುಗಟ್ಟಲೆ ದೂರವಿರಬೇಕಾಗುತ್ತಿತ್ತೆಂದು ನಾವು ಇಲ್ಲೇ ಉಳಿದೆವು. ಷೆಂಗೆನ್ ವೀಸಾದಲ್ಲಿ ಬಂದವರು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಬೇಗ ಬಂದರೆ ಬೇಗ ಹಿಂತಿರುಗಬೇಕು, ತಡವಾಗಿ ಬಂದರೆ ಹೆರಿಗೆ ತಪ್ಪಿಹೋದೀತು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಎಷ್ಟು ಸಲ ಎಣಿಸಿದೆವೋ ತಿಳಿಯದು. ಹದಿನೆಂಟರಂದು ಇಳಿದರೆ ಮಾರ್ಚ್ 17ರವರೆಗೆ ಇರಬಹುದು. ಆದರೆ ಅಮ್ಮ ಬರುವುದಕ್ಕೂ ಮೊದಲೇ ಮಗು ಬಂದರೆ ಮನೆಯಲ್ಲಿ ಇರುವವರು ನಾನು, ನಮ್ಮವರು, ಮತ್ತು ಇನ್ನೂ ಹೆಸರು ತಿಳಿಯದ ಆ ಆರೈಕೆದಾರಳು. ಮೊದಲ ತಿಂಗಳುಗಳಲ್ಲಿ ಬೇಡವೆನಿಸಿದ್ದ ಆ 49 ಗಂಟೆಗಳನ್ನು ಈಗ ಒಂದೊಂದಾಗಿ ಎಣಿಸಿ ಮಡಿಲಿನಲ್ಲಿ ಇಟ್ಟುಕೊಳ್ಳುವಂತಾಗಿದೆ.

ಅಮ್ಮ ತರುವ ಸಾಮಾನಿನ ಚರ್ಚೆಯೂ ನಡೆದಿದೆ. ತಿಪಟೂರಿನ ಒಣಕೊಬ್ಬರಿ, ಮೆಂತ್ಯ, ಕಾಳುಮೆಣಸು, ಒಣಶುಂಠಿ, ತಿನ್ನುವ ಅಂಟು ಬರುತ್ತವೆ. ಹಾಲಿನ ಪದಾರ್ಥಗಳನ್ನು ಯುರೋಪಿನ ಹೊರಗಿನಿಂದ ಪ್ರಯಾಣಿಕರು ತರುವಂತಿಲ್ಲವಾದ್ದರಿಂದ ಮನೆಯ ತುಪ್ಪ ಬರುವುದಿಲ್ಲ; ಇಲ್ಲಿಯ ಬೆಣ್ಣೆ ಕಾಯಿಸಿ ನಾನೇ ತುಪ್ಪ ಮಾಡಿಡಬೇಕು. ಸಬ್ಬಸಿಗೆ ಸೊಪ್ಪು ಇಲ್ಲಿ ಮೀನಿನ ಅಡುಗೆಗೆಂದು ಸಣ್ಣ ಪೊಟ್ಟಣಗಳಲ್ಲಿ ಸಿಗುತ್ತದೆ. ಸಾಂಬ್ರಾಣಿಯ ವಿಷಯದಲ್ಲಿ ಮಾತ್ರ ನಾನು ಅಮ್ಮನಿಗೆ ಬೇಡವೆಂದಿದ್ದೇನೆ. 2022ರ ಜುಲೈನಿಂದ ಇಲ್ಲಿ ಪ್ರತಿ ಮನೆಯ ಪ್ರತಿ ಮಹಡಿಯಲ್ಲಿಯೂ ಹೊಗೆ ಸೂಚಕ ಕಡ್ಡಾಯವಾಗಿದೆ. ಅದು ಒಂದು ಕಾರಣ, ಆದರೆ ನಿಜವಾದ ಕಾರಣ ಅದಲ್ಲ. ಎಳೆಯ ಶ್ವಾಸಕೋಶಕ್ಕೆ ಯಾವ ಹೊಗೆಯೂ ಒಳ್ಳೆಯದಲ್ಲವೆಂದು ನನಗೆ ಮನವರಿಕೆಯಾಗಿದೆ. ಮಗುವಿಗೆ ಎದೆಹಾಲು ಮತ್ತು ಎಂಟನೆಯ ದಿನದಿಂದ 10 ಮೈಕ್ರೋಗ್ರಾಂ ಡಿ ವಿಟಮಿನ್‌ನಂಥ, ಸೂಲಗಿತ್ತಿ ಹೇಳಿದ ಹನಿಗಳಲ್ಲದೆ ಬೇರೇನನ್ನೂ ಕೊಡುವುದಿಲ್ಲವೆಂದೂ ಹೇಳಿದ್ದೇನೆ. ಅಮ್ಮನಿಗೆ ಬೇಸರವಾಗಿದೆಯೆಂದು ದನಿಯಲ್ಲೇ ಗೊತ್ತಾಯಿತು. ಅದಕ್ಕೆ ಬದಲಾಗಿ ನನ್ನ ಮೈಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ನಡುವಿಗೆ ಬಟ್ಟೆ ಬಿಗಿದು ಕಟ್ಟುವುದು, ಇವುಗಳಲ್ಲಿ ಅವರ ಮಾತನ್ನು ಪೂರ್ಣವಾಗಿ ಕೇಳುತ್ತೇನೆಂದು ಒಪ್ಪಿದ್ದೇನೆ.

ಹೆಸರಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಇಲ್ಲಿ ಹೆರಿಗೆಯಾದ ಮೂರು ದಿನಗಳೊಳಗೆ ಊರಿನ ಪುರಸಭೆಗೆ ಹೋಗಿ ಜನನವನ್ನು ನೋಂದಾಯಿಸಬೇಕು, ಆಗಲೇ ಹೆಸರನ್ನೂ ಹೇಳಬೇಕು. ನಮ್ಮಲ್ಲಿ ಪುರುಡು ಕಳೆದು, ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೇಳುವ ಹೆಸರನ್ನು ಮೂರನೆಯ ದಿನ ಅಪರಿಚಿತ ಗುಮಾಸ್ತರ ಮುಂದೆ ಮೊದಲು ಉಚ್ಚರಿಸುವುದು ಮಾವನವರಿಗೆ ಸರಿಕಾಣುತ್ತಿಲ್ಲ. ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಡಚ್ ಪ್ರಜೆಯಾಗುವುದಿಲ್ಲ. ಅದೇ ಪ್ರಮಾಣಪತ್ರ ಹಿಡಿದು ಹೇಗ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಒಂದು ವರ್ಷದೊಳಗೆ ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು. ಹೀಗಿರುವಾಗ ಕಾಗದದಲ್ಲಿ ಒಂದು, ತೊಟ್ಟಿಲಲ್ಲಿ ಇನ್ನೊಂದು ಎಂದಾಗುವಂತಿಲ್ಲ. ಕಚೇರಿಯಲ್ಲಿ ಹೇಳಿದ ಹೆಸರನ್ನು ಮನೆಯಲ್ಲಿ ಹನ್ನೆರಡನೆಯ ದಿನದವರೆಗೆ ಯಾರೂ ಕರೆಯದಿರೋಣ, ಅಲ್ಲಿಯವರೆಗೆ ಪಾಪು ಎಂದೇ ಇರಲಿ ಎಂಬುದು ನನ್ನ ಸಲಹೆ. ಮಾವನವರು ಯೋಚಿಸಿ ಹೇಳುತ್ತೇನೆಂದಿದ್ದಾರೆ.

ಈ ಸಂಜೆ ನೆರೆಮನೆಯ ಅಜ್ಜಿ ಮಂಚ ಎತ್ತುವ ಸದ್ದು ಕೇಳಿ ವಿಚಾರಿಸಲು ಬಂದಿದ್ದರು. ಮಗು ಹುಟ್ಟಿದ ಮನೆಯಲ್ಲಿ ನೋಡಲು ಬಂದವರಿಗೆ ಬೆಸ್ಖೌಟ್ ಎಂಬ ದುಂಡನೆಯ ರಸ್ಕಿಗೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಸುತ್ತಿದ ಸೋಂಪಿನ ಕಾಳು ಉದುರಿಸಿ ಕೊಡುವುದು ಇಲ್ಲಿಯ ಪದ್ಧತಿ. ಹೆಣ್ಣಿಗೆ ಗುಲಾಬಿ, ಗಂಡಿಗೆ ನೀಲಿ. ಸೋಂಪಿನ ಪುಟ್ಟ ತೊಟ್ಟು ಬಾಲದಂತೆ ಕಾಣುವುದರಿಂದ ಅದಕ್ಕೆ ಇಲಿಮರಿ ಎಂದು ಹೆಸರು. ಏಕೆ ಸೋಂಪೇ ಎಂದು ಕೇಳಿದೆ. ಬಾಣಂತಿಗೆ ಹಾಲು ಹೆಚ್ಚುತ್ತದೆ, ಗರ್ಭಕೋಶ ಬೇಗ ಕುಗ್ಗುತ್ತದೆ ಎಂದು ತಮ್ಮ ತಾಯಿ ಹೇಳುತ್ತಿದ್ದರೆಂದರು. ನನ್ನ ಅಜ್ಜಿ ಊಟವಾದ ಮೇಲೆ ಬಾಣಂತಿಯ ಅಂಗೈಗೆ ಸೋಂಪು ಸುರಿಯುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು. ಅವರಿಗೆ ಅದನ್ನು ಹೇಳಬೇಕೆಂದರೂ ಡಚ್ ಪದಗಳು ಒದಗಲಿಲ್ಲ.

ಅವರು ಹೋದ ಮೇಲೆ ಬಾಗಿಲ ಹಿಂದಿನ ಪೆಟ್ಟಿಗೆಯನ್ನು ಒಡೆದೆ. ಹಾಸಿಗೆಗೆ ಹಾಸುವ ಹೊದಿಕೆ, ಹತ್ತಿಯ ಸುರುಳಿ, ಹೊಕ್ಕುಳಬಳ್ಳಿಗೆ ಹಾಕುವ ಬಿಳಿಯ ಚಿಮಟಿ. ಎಲ್ಲವನ್ನೂ ತೊಟ್ಟಿಲ ಪಕ್ಕದ ಖಾನೆಯಲ್ಲಿ ಜೋಡಿಸಿ, ಮೇಲಿನ ಖಾನೆಯನ್ನು ಅಮ್ಮನ ಸೀರೆಯ ಚೌಕಗಳಿಗೆಂದು ಖಾಲಿ ಬಿಟ್ಟಿದ್ದೇನೆ. ತೊಟ್ಟಿಲಲ್ಲಿ ಹಾಸಿಗೆಯನ್ನು ಇನ್ನೂ ಹಾಕಿಲ್ಲ. ಅದನ್ನು ಅಮ್ಮ ಬಂದು ಹಾಕಲಿ. ಮಗು ಮೊದಲೇ ಬಂದರೆ ಆರೈಕೆಗೆ ಬಂದವಳು ಹಾಕಲಿ. ಮಂಚ ಈಗ ಎಷ್ಟು ಎತ್ತರವಾಗಿದೆಯೆಂದರೆ ಅಂಚಿನಲ್ಲಿ ಕುಳಿತರೆ ನನ್ನ ಕಾಲು ನೆಲಕ್ಕೆ ತಾಗುವುದಿಲ್ಲ. ನಮ್ಮವರು ಅಡುಗೆಮನೆಯ ಮಣೆಯನ್ನು ತಂದು ಮಂಚದ ಬಳಿ ಇಟ್ಟು, ರಾತ್ರಿ ಏಳುವಾಗ ಅದರ ಮೇಲೆ ಕಾಲಿಟ್ಟು ಇಳಿ ಎಂದಿದ್ದಾರೆ.