ಬಾಲ ಬಿಟ್ಟು ಬೇರೆ ಏನಾದರೂ ಕೇಳಿ

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಗಾಯವಾದ ಸ್ನಾಯು ಮತ್ತೆ ಹೇಗೆ ಬೆಳೆಯುತ್ತದೆ ಅಂತ ಇಲಿಗಳಲ್ಲಿ ನೋಡುವುದು. ಇಷ್ಟು ಹೇಳಿದರೆ ಸಾಕು, "ಹಲ್ಲಿಗೆ ಬಾಲ ಬರುತ್ತಲ್ಲ, ನಮಗ್ಯಾಕೆ ಏನೂ ಬೆಳೆಯಲ್ಲ?" ಅನ್ನುತ್ತಾರೆ.

ವಿಜಯನಗರದ ಗೃಹಪ್ರವೇಶವೊಂದರಲ್ಲಿ ಎದುರು ಸಾಲಿನ ದೊಡ್ಡಪ್ಪ ಒಬ್ಬಟ್ಟು ಮುರಿಯುತ್ತಾ ಹೇಳಿದ್ದು ಇನ್ನೂ ಚೆನ್ನಾಗಿತ್ತು: "ಇಷ್ಟೆಲ್ಲಾ ಓದಿದೀಯ, ಹಲ್ಲಿಗೆ ಗೊತ್ತಿರೋದು ನಿಮಗೆ ಗೊತ್ತಾಗ್ಲಿಲ್ವಾ?" ಪಂತಿಗೆ ಪಂತಿಯೇ ನಕ್ಕಿತು. ನಾನೂ ನಕ್ಕೆ. ತುಪ್ಪ ಬಡಿಸುತ್ತಿದ್ದರು, ಜಗಳಕ್ಕೆ ಹೊತ್ತಲ್ಲ.

ಈಗ ಹೇಳುತ್ತೇನೆ. ಹಲ್ಲಿಯ ಹೊಸ ಬಾಲ ಹಳೆಯದರ ಹಾಗೆ ಇರುವುದೇ ಇಲ್ಲ. ಸ್ನಾಯು ಬರುತ್ತದೆ, ಆದರೆ ಒಳಗೆ ಬೆನ್ನುಮೂಳೆಯ ಬದಲು ಮೆತ್ತನೆ ಮೂಳೆಯ ಒಂದು ಕೊಳವೆ. ಇನ್ನು ನಮಗೆ ಏನೂ ಬೆಳೆಯಲ್ಲ ಅನ್ನುವುದು ಸುಳ್ಳು. ಕೈ ಹೋದರೆ ಕೈ ಬರಲ್ಲ, ಸರಿ. ಸ್ನಾಯುವಿನ ಎಳೆ ಹರಿದರೆ ಹೊಸದು ಬರುತ್ತದೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಎಳೆಗೂ ಅದರ ಹೊರಪೊರೆಗೂ ನಡುವೆ ಪುಟ್ಟ ಕೋಶಗಳು ಅಂಟಿಕೊಂಡಿದ್ದವು. ಸ್ಯಾಟಲೈಟ್ ಕೋಶ ಅಂತ ಹೆಸರಿಟ್ಟರು. ನಮ್ಮಲ್ಲೂ ಇವೆ. ಸುಮ್ನೆ ಮಲಗಿರುತ್ತವೆ. ಗಾಯವಾದರೆ ಮೊದಲು ಬಿಳಿ ರಕ್ತಕಣಗಳು ಬಂದು ಕಸ ತೆಗೆಯುತ್ತವೆ. ಆಗ ಈ ಸ್ಯಾಟಲೈಟ್ ಕೋಶಗಳು ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ, ಆಮೇಲೆ ಒಂದಕ್ಕೊಂದು ಬೆಸೆದು ಎಳೆಯಾಗುತ್ತವೆ. ಕೆಲವು ಮುಂದಿನ ಸಲಕ್ಕೆ ಅಂತ ವಾಪಸ್ ಮಲಗುತ್ತವೆ. ಎರಡು ವಾರ ಬಿಟ್ಟು ಇಲಿಯ ಸ್ನಾಯುವನ್ನು ತೆಳ್ಳಗೆ ಕೊಯ್ದು ಬಣ್ಣ ಹಾಕಿ ನೋಡಿದರೆ, ಹಳೆ ಎಳೆಗಳ ನ್ಯೂಕ್ಲಿಯಸ್ ಅಂಚಿನಲ್ಲಿ, ಹೊಸದರದ್ದು ನಟ್ಟನಡುವೆ. ಹಣೆಗೆ ಬೊಟ್ಟಿಟ್ಟ ಹಾಗೆ.

ಕೈ ತೊಳೆಯುವ ಕಡೆ ವಾಕರ್ ಹಿಡಿದು ಒಬ್ಬರು ಅಜ್ಜಿ ಕೂತಿದ್ದರು. ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದವರು. "ಮೂಳೆ ಕೂಡ್ತಂತೆ ಕಣೇ. ತೊಡೆ ಮಾತ್ರ ಯಾಕೆ ತುಂಬ್ಕೊಳ್ಳಲಿಲ್ಲ?"

ಇದಲ್ವಾ ಕೇಳಬೇಕಾದದ್ದು! ಅಲ್ಲೇ ಕೂತೆ. ನಿಮ್ಮದು ಗಾಯವಲ್ಲ, ಕೆಲಸವಿಲ್ಲದೆ ಸೊರಗಿದ್ದು ಅಂದೆ. ವಯಸ್ಸಾದ ಮೇಲೆ ಅದು ತುಂಬಿಕೊಳ್ಳುವುದು ನಿಧಾನ. ಆ ಕೋಶಗಳೂ ಕಡಿಮೆಯಾಗುತ್ತವೆ, ಏಳುವುದಕ್ಕೂ ಸೋಮಾರಿ. ಆದರೆ ಪೂರ್ತಿ ಸತ್ತಿರುವುದಿಲ್ಲ. 2005ರಲ್ಲಿ ಒಂದು ಪ್ರಯೋಗ ಬಂತು, ಮುದಿ ಇಲಿಯನ್ನೂ ಎಳೆ ಇಲಿಯನ್ನೂ ಪಕ್ಕಪಕ್ಕ ಹೊಲಿದು ಇಬ್ಬರಿಗೂ ಒಂದೇ ರಕ್ತ ಹರಿಯುವ ಹಾಗೆ ಮಾಡಿದ್ದರು. ಮುದಿಯದರ ಸ್ನಾಯು ಚೆನ್ನಾಗಿ ಗಾಯ ಮಾಯಿಸಿಕೊಂಡಿತು.

ಅಜ್ಜಿ ತೊಡೆ ಒತ್ತಿಕೊಳ್ಳುತ್ತಾ ಯೋಚಿಸಿದರು.

"ಅಯ್ಯೋ ಪಾಪ, ಆ ಎಳೇದು ಏನಾಯ್ತೇ?"