ರಾತ್ರಿ ಹತ್ತೂವರೆ ಇಂಜೆಕ್ಷನ್

12 ಫೆಬ್ರವರಿ 2025, ಬುಧವಾರ, ರಾತ್ರಿ 11.40

ನಿದ್ದೆ ಬರೋ ಹಾಗೆ ಕಾಣ್ತಿಲ್ಲ, ಅದಕ್ಕೇ ಬರೀತಾ ಕೂತಿದೀನಿ. ಇವತ್ತು ಟ್ರಿಗರ್ ಆಯ್ತು, ಅಂದ್ರೆ ಬೆಳೆದ ಮೊಟ್ಟೆ ಅಂಡಾಶಯದಿಂದ ಹೊರಗೆ ಬರಲಿ ಅಂತ ಕೊಡೋ ಇಂಜೆಕ್ಷನ್.

ಸಂಜೆ ಸ್ಕ್ಯಾನಲ್ಲಿ ಬಲಗಡೆ ಅಂಡಾಶಯದಲ್ಲಿ ಒಂದು ಫಾಲಿಕಲ್, ಅಂದ್ರೆ ಮೊಟ್ಟೆ ಇರೋ ಚೀಲ, 19 ಮಿ.ಮೀ. ಬಂದಿದೆ, ಪಕ್ಕದಲ್ಲೇ ಇನ್ನೊಂದು 16, ಎಡಗಡೆ ಲೆಕ್ಕಕ್ಕೆ ತಗೊಳೋಂಥದ್ದು ಏನೂ ಇಲ್ಲ, ಗರ್ಭಕೋಶದ ಲೈನಿಂಗ್ 8.5. ಡಾಕ್ಟ್ರು ಸ್ಕ್ರೀನ್ ಮೇಲೆ ಆ ಕಡೆ ಈ ಕಡೆ ಪ್ಲಸ್ ಗುರುತು ಇಟ್ಟು ಅಳತೆ ತಗೊಂಡು "ಚೆನ್ನಾಗಿ ಬೆಳೆದಿದೆ, ಇವತ್ತೇ ಕೊಟ್ಬಿಡೋಣ" ಅಂದ್ರು. ಚೀಟಿ ಮೇಲೆ ಆ ಇಂಜೆಕ್ಷನ್ ಹೆಸರು ಹೆಚ್‌ಸಿಜಿ 5000 ಅಂತ ಬರೆದು ಪಕ್ಕದಲ್ಲಿ 10.30 ಅಂತ ದಪ್ಪಗೆ ಬರೆದು ಸುತ್ತ ಗೆರೆ ಎಳೆದ್ರು. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಐಯುಐ (ವೀರ್ಯಾಣುಗಳನ್ನ ನೇರವಾಗಿ ಗರ್ಭಕೋಶಕ್ಕೆ ಬಿಡೋದು), ಅಂದ್ರೆ ಸರಿಯಾಗಿ 36 ಗಂಟೆ. ಹೆಚ್ಚುಕಮ್ಮಿ ಮಾಡ್ಕೋಬೇಡಿ ಅಂತ ಎರಡು ಸಲ ಹೇಳಿದ್ರು.

ಮೆಡಿಕಲ್ ಸ್ಟೋರಿನ ಹುಡುಗ ಐಸ್ ಪ್ಯಾಕ್ ಇಟ್ಟು ಕೊಟ್ಟ, ಮನೆಗೆ ಬಂದು ಫ್ರಿಜ್ಜಲ್ಲಿ ಹಿತಕಿದ ಅವರೆಬೇಳೆ ಡಬ್ಬಿ ಪಕ್ಕ ಇಟ್ಟೆ. ಇವರಿಗೆ ಈ ವಾರ ನಂಜನಗೂಡಲ್ಲಿ ನೈಟ್ ಶಿಫ್ಟು, ಅತ್ತೆ ತಿರುಮಕೂಡಲಿಗೆ ಹೋಗಿದಾರೆ, ಇವತ್ತು ಹುಣ್ಣಿಮೆ ಅಲ್ವಾ, ಅಲ್ಲಿನ ಕುಂಭಮೇಳದ ಕೊನೇ ದಿನ. ಯಾವ ಬೇಡಿಕೆ ಇಟ್ಕೊಂಡು ಮುಳುಗ್ತಾರೆ ಅಂತ ನಂಗೊತ್ತು, ಅವ್ರಿಗೂ ನಂಗೊತ್ತಿದೆ ಅಂತ ಗೊತ್ತು. ಹೋಗೋ ಮುಂಚೆ ಏನೂ ಹೇಳ್ದೆ ತಲೆ ಸವರಿ ಹೋದ್ರು. ಅವ್ರ ಮೇಲೆ ನಂಗೆ ಕೋಪ ಇಲ್ಲ.

ಕೋಪ ಇರೋದು ಅವ್ರ ಅಕ್ಕನ ಮೇಲೆ. ಮುಂದಿನ ವಾರ ಮಂಡ್ಯದಲ್ಲಿ ನಾದಿನಿ ಪುಟ್ಟಿ ಸೀಮಂತ. ಭಾನುವಾರ ದೊಡ್ಡತ್ತೆ ಫೋನು ಸ್ಪೀಕರಲ್ಲಿತ್ತು, ನಾನು ಹಾಲ್ ಒರೆಸ್ತಿದ್ದೆ. "ನಿನ್ ಸೊಸೇನ ಅಡಿಗೆ ಕಡೆ ನೋಡ್ಕೊಳೋಕೆ ಹೇಳು, ಮಡಿಲಕ್ಕಿ ಹಾಕೋಕೆ ಮಕ್ಕಳೊಂದಿಗರೇ ಸಾಕು" ಅಂದ್ರು. ಅತ್ತೆ ಗಡಿಬಿಡೀಲಿ ಸ್ಪೀಕರ್ ಆಫ್ ಮಾಡಿದ್ರು. ಕೇಳಿಸ್ಲೇ ಇಲ್ಲ ಅನ್ನೋ ಹಾಗೆ ನಾನು ಒರೆಸ್ತಾನೇ ಇದ್ದೆ. ಬೈದಿದ್ರೆ ಅಷ್ಟು ನೋವಾಗ್ತಿರ್ಲಿಲ್ಲ, ಸಾಂಬಾರಿಗೆ ಉಪ್ಪು ಎಷ್ಟು ಅಂತ ಹೇಳೋಷ್ಟು ಸಲೀಸಾಗಿ ಹೇಳಿದ್ರಲ್ಲಾ, ಅದು ಇನ್ನೂ ಒಳಗೇ ಕೂತಿದೆ. ಪುಟ್ಟಿ ಮದುವೆಗೆ ಸೀರೆ ನೆರಿಗೆ ಹಿಡಿದೋಳು ನಾನು, ಅವ್ಳಿಗೆ ವಾಂತಿ ಶುರುವಾದಾಗ ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ ಅತ್ತಿಗೆ ಏನ್ ತಿನ್ಲಿ ಅಂತ ಕೇಳ್ತಿದ್ದಿದ್ದು ನನ್ನನ್ನೇ.

ಇರ್ಲಿ.

ಇಂಜೆಕ್ಷನ್ ಕೊಡೋಕೆ ಎದುರುಗಡೆ ಬೀದಿ ಸಿಸ್ಟರ್ ಆಂಟಿ ಬಂದಿದ್ರು. ಚೆಲುವಾಂಬ ಆಸ್ಪತ್ರೆ ಲೇಬರ್ ವಾರ್ಡಲ್ಲಿ ಕೆಲಸ ಮಾಡಿ ರಿಟೈರ್ ಆದೋರು, ಈ ಏರಿಯಾದಲ್ಲಿ ಯಾರಿಗೆ ಬಿಪಿ ನೋಡ್ಬೇಕಾದ್ರೂ ಅವ್ರೇ. ಹತ್ತು ಗಂಟೆಗೇ ಬಂದು ಕೂತ್ರು, ಟಿವಿ ಹಾಕ್ಲಾ ಅಂದ್ರೆ ಬೇಡ ಅಂದ್ರು. ಕೈ ತೊಳ್ಕೊಂಡು ಡೈನಿಂಗ್ ಟೇಬಲ್ ಮೇಲೆ ಪೇಪರ್ ಹಾಸಿ ಎಲ್ಲಾ ಸಾಲಾಗಿ ಜೋಡಿಸಿದ್ರು. ಸೀಸೇಲಿ ಪೌಡರ್ ಅಂತ ಇರೋದು ಹೆಸರಿಗಷ್ಟೇ, ತಳದಲ್ಲಿ ಒಂಚೂರು ಬೆಳ್ಳಗೆ ಅಂಟ್ಕೊಂಡಿರುತ್ತೆ. ಆಂಪೂಲ್ ಕತ್ತಿಗೆ ಹತ್ತಿ ಸುತ್ತಿ ಟಕ್ ಅಂತ ಮುರಿದು, ನೀರು ಎಳ್ಕೊಂಡು, ಸೀಸೆ ರಬ್ಬರಿಗೆ ಸ್ಪಿರಿಟ್ ಒರೆಸಿ ಗೋಡೆಗುಂಟ ನಿಧಾನಕ್ಕೆ ಬಿಟ್ರು. ಆಮೇಲೆ ಕುಲುಕ್ಲಿಲ್ಲ, ಎರಡು ಅಂಗೈ ಮಧ್ಯೆ ಇಟ್ಟು ಮೆಲ್ಲಗೆ ಉರುಳಿಸಿದ್ರು. "ಕುಲುಕಿದ್ರೆ ನೊರೆ ಬರುತ್ತೆ ಕಣಮ್ಮ, ಇದು ಪ್ರೋಟೀನು" ಅಂದ್ರು. ತಿಳಿ ನೀರಾಯ್ತು. ಸೂಜಿ ಬದಲಾಯಿಸಿ ಫೋನ್ ನೋಡಿ, ಇನ್ನೂ ನಾಲ್ಕು ನಿಮಿಷ ಇದೆ ಅಂತ ಸಿರಿಂಜು ಹಿಡ್ಕೊಂಡೇ ಕೂತ್ರು.

ಆ ನಾಲ್ಕು ನಿಮಿಷದಲ್ಲೇ ಕೇಳಿದ್ರು, "ಇದನ್ನ ಯಾವುದ್ರಿಂದ ತೆಗೀತಾರೆ ಗೊತ್ತೇನಮ್ಮ?"

"ಗೊತ್ತು ಆಂಟಿ" ಅಂದೆ. ಬಯಾಲಜಿ ಲೆಕ್ಚರರ್ ಆಗಿ ಗೊತ್ತಿಲ್ದೆ ಇರುತ್ತಾ. ಬಸುರಿ ಹೆಂಗಸರ ಉಚ್ಚೆಯಿಂದ. ಹೊಕ್ಕುಳಬಳ್ಳಿ ಶುರುವಾಗೋದಕ್ಕೂ ಮುಂಚೆನೇ, ಭ್ರೂಣದ ಸುತ್ತ ಇರೋ ಜೀವಕೋಶಗಳು ಈ ಹಾರ್ಮೋನ್ ಮಾಡೋಕೆ ಶುರು ಮಾಡುತ್ವೆ, ಮೊದಲ ಎರಡು ಮೂರು ತಿಂಗಳಲ್ಲಿ ಅದು ಉಚ್ಚೇಲಿ ಯಥೇಚ್ಛ ಹೋಗುತ್ತೆ, ಅದನ್ನೇ ಶುದ್ಧ ಮಾಡಿ ಪುಡಿ ಮಾಡ್ತಾರೆ. ಈಗ ಲ್ಯಾಬಲ್ಲೇ ತಯಾರು ಮಾಡಿದ್ದೂ ಸಿಗುತ್ತೆ, ಅದಕ್ಕೆ ದುಡ್ಡು ಜಾಸ್ತಿ. ನಂಗೆ ಬರೆದಿರೋದು ಹಳೇ ಥರದ್ದು, ಡಬ್ಬಿ ಒಳಗಿನ ಚೀಟೀಲೇ ಹಾಗಂತ ಇದೆ.

ಆಂಟಿ ಹೇಳಿದ್ರು, "ನಾನು ಅಷ್ಟು ವರ್ಷ ವಾರ್ಡಲ್ಲಿ ಉಚ್ಚೆ ಬಾಟಲಿ ಎತ್ತಿಟ್ಟಿದೀನಿ, ಸಕ್ಕರೆ ನೋಡೋಕೆ, ಆಲ್ಬುಮಿನ್ ನೋಡೋಕೆ. ನೋಡಿದ್ಮೇಲೆ ಚೆಲ್ಲಿಬಿಡೋದೇ. ಇದ್ರಲ್ಲಿ ಇನ್ನೊಬ್ಬಳಿಗೆ ಬೇಕಾಗಿರೋದು ಇದೆ ಅಂತ ಒಂದಿನವೂ ಅನ್ಸಿರ್ಲಿಲ್ಲ ನೋಡು. ಯಾವಳೋ ಒಬ್ಬಳು ಬಸುರಿ ಕೊಟ್ಟಿದ್ದು ಕಣಮ್ಮ ಇದು. ಅವಳಿಗೆ ನೀನು ಯಾರಂತ ಗೊತ್ತಿಲ್ಲ. ಯಾವ ಜಾತಿ, ಎಷ್ಟು ಮಕ್ಕಳು, ಏನೂ ಕೇಳಿಲ್ಲ ಅವಳು."

ನಾನು ಆಂಟಿಗೆ ಸೀಮಂತದ ವಿಷಯ ಹೇಳಿರ್ಲೇ ಇಲ್ಲ. ಯಾರಿಗೂ ಹೇಳಿಲ್ಲ, ಇವರಿಗೂ ಸಹ. ಅವ್ರು ಹಾಗಂದ ತಕ್ಷಣ ಕಣ್ಣಲ್ಲಿ ನೀರು ಬಂದ್ಬಿಡ್ತು, ಸೂಜಿ ಭಯ ಅಂದ್ಕೊಂಡ್ರು ಪಾಪ, "ಆಯ್ತು ಆಯ್ತು, ಮಗ್ಗುಲಾಗಿ ಮಲಗು, ಕಾಲು ಸಡಿಲ ಬಿಡು" ಅಂದ್ರು. ಸರಿಯಾಗಿ ಹತ್ತೂವರೆಗೆ ಸೊಂಟದ ಕೆಳಗೆ ಕೊಟ್ರು. ಚುಚ್ಚಿದ್ದಕ್ಕಿಂತ ಔಷಧಿ ಒಳಗೆ ಇಳಿಯುವಾಗ ಉರಿ ಜಾಸ್ತಿ, ಈಗಲೂ ಆ ಜಾಗ ಮುಟ್ಟಿದ್ರೆ ಗಟ್ಟಿಯಾಗಿದೆ.

ಅವ್ರು ಹೋದ್ಮೇಲೆ ಹಾಸಿಗೇಲಿ ಬಿದ್ಕೊಂಡು ಇದನ್ನೇ ಓದ್ತಾ ಇದ್ದೆ. ಬಸುರಿಯರ ಉಚ್ಚೇಲಿ ಅಂಡಾಶಯ ಕೆಣಕೋ ಪದಾರ್ಥ ಇದೆ ಅಂತ ಮೊದಲು ತೋರಿಸಿದ್ದು ಬರ್ಲಿನ್ನಲ್ಲಿ ಆಶ್‌ಹೈಮ್ ಮತ್ತೆ ಝೋಂಡೆಕ್ ಅನ್ನೋ ಇಬ್ಬರು ಡಾಕ್ಟ್ರು, 1927ರಲ್ಲಿ. ಎಳೇ ಹೆಣ್ಣಿಲಿಗಳಿಗೆ ಆ ಉಚ್ಚೆ ಚುಚ್ಚಿ, ಅವುಗಳ ಅಂಡಾಶಯ ಎಚ್ಚರ ಆದ್ರೆ ಹೆಂಗಸು ಬಸುರಿ ಅಂತ ಲೆಕ್ಕ. ಮನೇಲಿ ಎರಡು ಗೆರೆ ನೋಡೋ ಕಡ್ಡೀನೂ ಹುಡುಕೋದು ಇದೇ ಹಾರ್ಮೋನ್. ಅದಕ್ಕೇ ಎರಡು ವಾರ ಆಗೋ ತನಕ ಟೆಸ್ಟ್ ಮಾಡ್ಬೇಡಿ ಅನ್ನೋದು, ಬೇಗ ಮಾಡಿದ್ರೆ ಇಂಜೆಕ್ಷನ್ನಿಂದಾನೇ ಎರಡು ಗೆರೆ ಬಂದ್ಬಿಡಬಹುದು. ಬಾತ್‌ರೂಮಲ್ಲಿ ಆ ಸುಳ್ಳು ಗೆರೆ ನೋಡಿ ಕುಣಿದಾಡಿ ಆಮೇಲೆ ಕುಸಿದು ಹೋದ ಹೆಣ್ಣುಮಕ್ಕಳು ಎಷ್ಟು ಜನ ಇರ್ಬೇಕು. ಇದನ್ನ ಓದ್ತಿರೋರಲ್ಲಿ ಯಾರಾದ್ರೂ ಟ್ರಿಗರ್ ತಗೊಂಡಿದ್ರೆ ದಯವಿಟ್ಟು ಡಾಕ್ಟ್ರು ಹೇಳಿದ ದಿನದ ತನಕ ಕಾಯಿರಿ. ಮತ್ತೆ ಈ ಇಂಜೆಕ್ಷನ್ನಿಂದ ಕೆಲವೊಮ್ಮೆ ಅಂಡಾಶಯ ಅತಿಯಾಗಿ ಕೆರಳಬಹುದು, ಹಾಗಾಗಿ ಹೊಟ್ಟೆ ವಿಪರೀತ ಉಬ್ಬಿದ್ರೆ, ಎರಡೇ ದಿನಕ್ಕೆ ತೂಕ ಏರಿದ್ರೆ, ಉಚ್ಚೆ ಕಮ್ಮಿ ಆದ್ರೆ, ಉಸಿರು ಕಟ್ಟಿದ ಹಾಗಾದ್ರೆ ಸಂಕೋಚ ಪಡದೆ ಆಸ್ಪತ್ರೆಗೆ ಓಡಿ. ಬೆಂಗಳೂರಲ್ಲಿರೋ ನನ್ನ ಫ್ರೆಂಡಿಗೆ ಐವಿಎಫಲ್ಲಿ ಫಾಲಿಕಲ್ ತುಂಬಾ ಬಂದಿದ್ವು ಅಂತ ಈ ಹೆಚ್‌ಸಿಜಿ ಕೊಡ್ಲೇ ಇಲ್ಲ, ಇದೇ ಭಯಕ್ಕೆ ಬೇರೆ ಥರದ ಟ್ರಿಗರ್ ಕೊಟ್ರು.

ಇನ್ನೊಂದು ಓದಿದೆ, ಅದನ್ನ ಓದಿ ಎದ್ದು ಕೂತ್ಬಿಟ್ಟೆ. ಟ್ರಿಗರಿಗೆ ಮುಂಚೆ ಮೊಟ್ಟೆ ಬೆಳೆಯೋಕೆ ಅಂತ ಹೆಚ್‌ಎಂಜಿ 75 ಅನ್ನೋ ಇಂಜೆಕ್ಷನ್ ಕೊಟ್ಟಿದ್ರಲ್ಲ, ಅದನ್ನ ತೆಗೆಯೋದು ಮುಟ್ಟು ನಿಂತ ಹೆಂಗಸರ ಉಚ್ಚೆಯಿಂದ. ಅಂಡಾಶಯ ನಿಂತುಹೋದ್ಮೇಲೂ ತಲೇಲಿರೋ ಪಿಟ್ಯುಟರಿ ಗ್ರಂಥಿ ಸುಮ್ನಿರಲ್ಲ, ಇನ್ನೂ ಜಾಸ್ತಿ ಹಾರ್ಮೋನ್ ಕಳಿಸ್ತಾ ಅದನ್ನ ಕೂಗಿ ಕರೀತಾನೇ ಇರುತ್ತೆ. ಮೊದಮೊದಲು ಇದಕ್ಕೆ ಉಚ್ಚೆ ಕೊಟ್ಟೋರು ಇಟಲಿಯ ಕಾನ್ವೆಂಟುಗಳಲ್ಲಿದ್ದ ವಯಸ್ಸಾದ ಸನ್ಯಾಸಿನಿಯರಂತೆ. ಒಂದೇ ಕಡೆ ಅಷ್ಟು ಜನ ಸಿಗ್ತಾರೆ, ಅದ್ರಲ್ಲಿ ಯಾರೂ ಬಸುರಿ ಇರಲ್ಲ, ಹಾಗಾಗಿ ಬಸುರಿನ ಹಾರ್ಮೋನ್ ಬೆರೆಯೋ ಹಾಗಿಲ್ಲ. ಪಿಯೆರೊ ಡೊನಿನಿ ಅನ್ನೋ ವಿಜ್ಞಾನಿ ಶುದ್ಧ ಮಾಡೋ ವಿಧಾನ ಕಂಡುಹಿಡಿದಿದ್ರು, ಬ್ರೂನೋ ಲೂನೆನ್‌ಫೆಲ್ಡ್ ಅನ್ನೋ ಡಾಕ್ಟ್ರು ಬೆನ್ನು ಹತ್ತಿ ಔಷಧಿ ಮಾಡಿಸಿದ್ರು, ಅದ್ರಿಂದ ಮೊದಲ ಮಗು ಹುಟ್ಟಿದ್ದು 1962ರಲ್ಲಿ ಇಸ್ರೇಲಲ್ಲಿ. ಮದುವೆ ಮಕ್ಕಳು ಯಾವುದೂ ಬೇಡ ಅಂತ ದೇವರ ಮುಂದೆ ಮಾತು ಕೊಟ್ಟ ಅಜ್ಜಿಯರು, ಅವ್ರಿಂದ ಎಷ್ಟೋ ಮನೇಲಿ ತೊಟ್ಟಿಲು ಕಟ್ಟಿದ್ರು. ದೊಡ್ಡತ್ತೆ ಲೆಕ್ಕದಲ್ಲಿ ಅವ್ರ್ಯಾರೂ ಮಕ್ಕಳೊಂದಿಗರಲ್ಲ. ಅವ್ರ ಕೈಲಿ ಮಡಿಲಕ್ಕಿ ಹಾಕಿಸ್ತಿದ್ರಾ? ಹಾಕಿಸ್ತಿರ್ಲಿಲ್ಲ.

ಕ್ಲಾಸಲ್ಲಿ ಪ್ರತಿ ವರ್ಷ ಋತುಚಕ್ರದ ಗ್ರಾಫ್ ಬರೀತೀನಿ, ಮೊಟ್ಟೆ ಬಿಡುಗಡೆ ಮಾಡಿಸೋ ಎಲ್‌ಹೆಚ್ ಹಾರ್ಮೋನಿನ ಗೆರೆ ಹದಿಮೂರನೇ ದಿನದ ತನಕ ಮಲಗಿರುತ್ತೆ, ಆಮೇಲೆ ಒಂದೇ ಸಲ ಗೋಪುರದ ಹಾಗೆ ಮೇಲೇರುತ್ತೆ. ಎರಡು ಮಾರ್ಕಿಗೆ ಗ್ಯಾರಂಟಿ ಬರುತ್ತೆ ಬರ್ಕೊಳ್ರಮ್ಮ ಅಂತೀನಿ. ನಂಗೆ ಆ ಗೋಪುರ ತಾನಾಗೇ ಏಳಲ್ಲ, ಪಿಸಿಓಎಸ್ಸು, ಹಾರ್ಮೋನ್ ಏರುಪೇರಾಗಿ ಮೊಟ್ಟೆ ಸರಿಯಾಗಿ ಬಿಡುಗಡೆ ಆಗದ ತೊಂದರೆ. ಅದಕ್ಕೇ ಹೆಚ್‌ಸಿಜಿ. ಇದರ ರಚನೆ ಹೆಚ್ಚುಕಮ್ಮಿ ಎಲ್‌ಹೆಚ್ ಥರಾನೇ ಇರೋದ್ರಿಂದ ಅದೇ ಬಾಗಿಲಲ್ಲಿ ಒಳಗೆ ಹೋಗಿ ಅದೇ ಕೆಲಸ ಮಾಡುತ್ತೆ, ಮೈಯಲ್ಲಿ ಇನ್ನೂ ಜಾಸ್ತಿ ಹೊತ್ತು ನಿಲ್ಲುತ್ತೆ. ಈಗ ನಾನು ಇಲ್ಲಿ ಬರೀತಿರೋವಾಗ ಒಳಗಡೆ ಆ 19ರಲ್ಲಿ ಇರೋ ಮೊಟ್ಟೆ ಅರ್ಧಕ್ಕೆ ನಿಂತಿದ್ದ ಕೋಶ ವಿಭಜನೆ ಮತ್ತೆ ಶುರು ಮಾಡೋಕೆ ತಯಾರಾಗ್ತಿರುತ್ತೆ. ಯಾವಾಗ ನಿಂತಿದ್ದು? ನಾನು ಹುಟ್ಟೋಕೂ ಮುಂಚೆ. ಮೂವತ್ನಾಲ್ಕು ವರ್ಷದ ಹಿಂದೆ ಅಮ್ಮ ನನ್ನ ಹೊತ್ಕೊಂಡಿದ್ದಾಗ, ಚನ್ನರಾಯಪಟ್ಟಣದ ಆ ಹೆಂಚಿನ ಮನೇಲಿ ಹುಳಿ ಮಾವಿನಕಾಯಿ ತಿಂತಾ ಕೂತಿದ್ದಾಗ, ಅವಳ ಹೊಟ್ಟೇಲಿದ್ದ ನನ್ನ ಹೊಟ್ಟೇಲಿ ಆ ಮೊಟ್ಟೆ ಆಗ್ಲೇ ಇತ್ತು. ಪಾಠದಲ್ಲಿ ಇದನ್ನ ಎಷ್ಟು ಸಲ ಹೇಳಿದೀನೋ, ಕೋಶ ವಿಭಜನೆಯ ಮೊದಲ ಹಂತವಾದ ಪ್ರೊಫೇಸ್ ಒಂದರಲ್ಲಿ ಸ್ಥಗಿತ ಅಂತ ಅಷ್ಟೇ. ಅಮ್ಮ ಒಬ್ಬಳು ಬಸುರಿ, ಈ ಸೀಸೆ ಕಳಿಸಿದ ಹೆಂಗಸು ಇನ್ನೊಬ್ಬಳು ಬಸುರಿ, ಇವರಿಬ್ಬರು ನನ್ನೊಳಗೆ ಬಂದು ಸೇರಿದಾರೆ. ನಂಗೆ ಯಾರ ಮುಂದೆ ನಿಲ್ಲೋಕೂ ಯೋಗ್ಯತೆ ಇಲ್ಲ ಅಂತ ಯಾರು ಹೇಳೋದು.

ಪುಟ್ಟಿಗೆ ಮೆಸೇಜ್ ಹಾಕ್ದೆ. ಸೀಮಂತಕ್ಕೆ ಬರ್ತೀನಿ, ನಿಂಗೆ ಮಡಿಲಕ್ಕಿ ನಾನೂ ಹಾಕ್ತೀನಿ, ನಿಂಗೆ ಬೇಡ ಅನ್ಸಿದ್ರೆ ನೀನೇ ಹೇಳು, ಬೇರೆಯವ್ರ ಕೈಲಿ ಹೇಳಿಸ್ಬೇಡ ಅಂತ. ತಕ್ಷಣ ನೋಡಿದ್ಲು, ಎಚ್ಚರ ಇದ್ದಾಳೆ, ಮಗು ಒದಿಯುತ್ತಂತೆ ರಾತ್ರಿ ಹೊತ್ತು. "ಅತ್ತಿಗೆ ನೀವು ಹಾಕ್ದೆ ಇದ್ರೆ ನಾನು ಹಸೆ ಮೇಲೆ ಕೂರಲ್ಲ" ಅಂತ ಬರೆದಿದಾಳೆ. ದೊಡ್ಡತ್ತೆ ಏನಂತಾರೋ, ಅವತ್ತು ಅಲ್ಲಿ ರಾದ್ಧಾಂತ ಆದ್ರೆ ಪುಟ್ಟಿಗೆ ಬಿಪಿ ಬೇರೆ ಬಾರ್ಡರಲ್ಲಿದೆ, ಅದೊಂದು ಯೋಚನೆ.

ಶುಕ್ರವಾರದ ರಜಾ ಚೀಟೀಲಿ ಏನು ಬರೀಲಿ ಇನ್ನೂ ಗೊತ್ತಾಗಿಲ್ಲ. ಮಾರ್ಚ್ 1ಕ್ಕೆ ಪರೀಕ್ಷೆ ಶುರು, ಅವತ್ತು ಸೆಕೆಂಡ್ ಪಿಯುಸಿ ಬಿ ಸೆಕ್ಷನ್ನಿಗೆ ರಿವಿಷನ್ ಇದೆ, ಅದೂ ಇದೇ ಚಾಪ್ಟರು. ಪ್ರಿನ್ಸಿಪಾಲ್ರು ಇಲ್ಲ ಅನ್ನಲ್ಲ, ಆದ್ರೆ ಏನಮ್ಮ ಈ ಟೈಮಲ್ಲಿ ಅಂತ ಒಂದು ಸಲ ಕೇಳೇ ಕೇಳ್ತಾರೆ. ಮನೆ ಪೂಜೆ ಅಂತ ಬರೆದು ಬರೆದು ಸಾಕಾಗಿದೆ, ಸ್ಟಾಫ್ ರೂಮಲ್ಲಿ ಪ್ರಸಾದ ಎಲ್ಲಿ ಅಂತಾರೆ. ಚಿಕಿತ್ಸೆಗೆ ಅಂತಾನೇ ಬರೆದುಬಿಡ್ಲಾ ಅನ್ನಿಸ್ತಿದೆ, ಬರೆದ್ರೆ ಏನಾಗುತ್ತೆ, ನಮ್ಮ ಬಾಟನಿ ಮೇಡಂ ಒಬ್ರು ಬಿಟ್ರೆ ಬದಲಿಗೆ ಕ್ಲಾಸ್ ತಗೊಳೋರು ಇಲ್ಲ, ಅವ್ರಿಗೆ ನಾಳೆ ಬೆಳಿಗ್ಗೆನೇ ಹೇಳ್ಬೇಕು, ಅವ್ರೂ ಒಂದು ಕಾಲದಲ್ಲಿ ಇದೇ ಆಸ್ಪತ್ರೆಗೆ ಹೋಗ್ತಿದ್ರು ಅಂತ ಯಾರೋ ಹೇಳಿದ್ದ ನೆನಪು.