ಪೆಡಲ್ ಒತ್ತಿದರೆ ಕೋನ್ ಏನು ಮಾಡುತ್ತದೆ?

ಕೊನೆಗೂ ಮಾಡಿಸೋಕೆ ಕೊಟ್ಟೆ. ರೆಸೊನೇಟರ್ ಇರುವ ಪೆಡಲ್ ಸ್ಟೀಲ್ ಗಿಟಾರ್. ಪೆಡಲ್ ಸ್ಟೀಲ್ ಅಂದರೆ ಅಡ್ಡ ಮಲಗಿಸಿ, ತಂತಿಗಳ ಮೇಲೆ ಲೋಹದ ಬಾರ್ ಜಾರಿಸಿ ನುಡಿಸುವ, ಪೆಡಲ್ ಒತ್ತಿ ತಂತಿಗಳ ಶ್ರುತಿ ಬದಲಿಸುವ ಗಿಟಾರ್. ರೆಸೊನೇಟರ್ ಅಂದರೆ ದನಿ ಜೋರು ಮಾಡುವ, ಶಂಕುವಿನಾಕಾರದ ತೆಳು ಲೋಹದ ಕೋನ್. ಎಂಟು ತಂತಿ, ಎರಡು ಪೆಡಲ್, ಮೊಣಕಾಲಲ್ಲಿ ತಳ್ಳುವ ಒಂದು ಲಿವರ್.

ನಾನು ವರ್ಷಗಟ್ಟಲೆ ಡೋಬ್ರೋ, ಅಂದರೆ ಪೆಡಲ್ ಇಲ್ಲದ ರೆಸೊನೇಟರ್ ಗಿಟಾರ್, ನುಡಿಸಿದವನು. ಮೈಕು, ಆಂಪ್ಲಿಫೈಯರ್ ಇಲ್ಲದೆಯೂ ಗಿಟಾರ್ ಜೋರಾಗಿ ಕೇಳಿಸಲಿ ಅಂತ 1920ರ ದಶಕದಲ್ಲಿ ವಾದ್ಯ ತಯಾರಕ ಜಾನ್ ಡೋಪ್ಯೇರಾ ಅದರೊಳಗೆ ಅಲ್ಯೂಮಿನಿಯಂ ಕೋನ್ ಕೂರಿಸಿದರು. ಆ ದನಿ ನನಗೆ ಬೇಕೇ ಬೇಕು. ಆದರೆ ಬಾರ್ ಜಾರಿಸಿದರೆ ಎಲ್ಲ ತಂತಿಯೂ ಒಟ್ಟಿಗೇ ಏರುತ್ತವೆ, ಅಲ್ವಾ? ಪೆಡಲ್ ಸ್ಟೀಲ್‌ನಲ್ಲಿ ಹಾಗಲ್ಲ. ಒಂದು ಪೆಡಲ್ ಬಿ ತಂತಿಯನ್ನು ಸಿ ಶಾರ್ಪ್‌ಗೆ ಏರಿಸುತ್ತದೆ, ಇನ್ನೊಂದು ಜಿ ಶಾರ್ಪ್ ತಂತಿಯನ್ನು ಎ ಸ್ವರಕ್ಕೆ. ಇ ತಂತಿ ಮಾತ್ರ ಅಲುಗದೆ ನಿಲ್ಲುತ್ತದೆ. ಬಾರ್ ಇದ್ದಲ್ಲೇ ಇದ್ದು, ಇ ಮೇಜರ್ ಕರಗಿ ಎ ಮೇಜರ್ ಆಗುತ್ತದೆ. ಆ ಕರಗುವಿಕೆ ಕೋನ್‌ನ ದನಿಯಲ್ಲಿ ಕೇಳಬೇಕು ಅನ್ನೋದೇ ನನ್ನ ಆಸೆ.

ತೊಡಕಿರೋದು ಕುದುರೆಯಲ್ಲಿ, ಅಂದರೆ ತಂತಿಗಳು ಒರಗಿ ಹಾಯುವ ಬ್ರಿಡ್ಜ್‌ನಲ್ಲಿ. ಸಾಮಾನ್ಯ ಪೆಡಲ್ ಸ್ಟೀಲ್‌ನಲ್ಲಿ ಪೆಡಲ್ ಒತ್ತಿದಾಗ ತಂತಿಯನ್ನು ಎಳೆಯುವ ಯಂತ್ರಭಾಗ ಚೇಂಜರ್. ಅದರ ಬೆರಳಿನಂಥ ಲೋಹದ ತುಂಡುಗಳೇ ಅಲ್ಲಿ ಕುದುರೆ. ಇಲ್ಲಿ ಕುದುರೆ ಕೋನ್ ಮೇಲೆ ಕೂರುತ್ತದೆ. ಚೇಂಜರ್ ಅನ್ನು ಕುದುರೆಯ ಹಿಂದೆ ಇಟ್ಟರೆ ತಂತಿ ಕುದುರೆ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಪೆಡಲ್ ಬಿಟ್ಟಾಗ ಪೂರ್ತಿ ವಾಪಸ್ ಬರೋದಿಲ್ಲ, ಶ್ರುತಿ ಒಂಚೂರು ಮೇಲೆಯೇ ಉಳಿಯುತ್ತದೆ. ಉಜ್ಜದಿರಲಿ ಅಂತ ಕುದುರೆಗೆ ತಂತಿಯೊಂದಿಗೆ ಉರುಳುವ ರೋಲರ್ ಹಾಕೋಣ ಅಂದರೆ ಭಾರ ಜಾಸ್ತಿಯಾಗಿ ಕೋನ್ ಮಂಕಾಗುತ್ತದೆ.

ವಾದ್ಯ ಮಾಡುವವರು ಸುಮ್ನೆ ವಾದ ಮಾಡಲಿಲ್ಲ. ಒಂದು ಹಲಗೆಗೆ ಕೋನ್ ಕೂರಿಸಿ, ಎರಡೇ ತಂತಿ ಕಟ್ಟಿ, ಚೇಂಜರ್ ಅನ್ನು ಗಿಟಾರ್‌ನ ತಲೆಯ ಕಡೆಗೆ, ಅಂದರೆ ಕುದುರೆಯ ಎದುರು ತುದಿಗೆ, ಇಟ್ಟು ತೋರಿಸಿದರು. ಅಲ್ಲಿ ರೋಲರ್ ಹಾಕಿದರೆ ಕೋನ್‌ಗೆ ಭಾರವಿಲ್ಲ. ಕುದುರೆಯಾಚೆ ಉಳಿಯೋದು ಗೇಣುದ್ದದ ತಂತಿ, ಹಾಗಾಗಿ ಕುದುರೆ ಮೇಲೆ ಅದು ಜರುಗೋದೂ ಕೂದಲೆಳೆಯಷ್ಟೇ. ನಾನೇ ಲಿವರ್ ಎಳೆದು ಬಿಟ್ಟೆ. ಟ್ಯೂನರ್ ಮುಳ್ಳು ಏರಿತು, ಇಳಿದು ಮೊದಲಿದ್ದ ಗೆರೆಯ ಮೇಲೇ ನಿಂತಿತು. ಹತ್ತು ಸಲ ಮಾಡಿದೆ. ಹತ್ತು ಸಲವೂ ಅಲ್ಲೇ.

ಇನ್ನೊಂದು ವಿಷಯ ಅವರೇ ತೋರಿಸಿದರು. ತಂತಿಯ ಬಿಗಿ ಏರಿದಾಗ ಕೋನ್ ಮೇಲಿನ ಒತ್ತಡವೂ ಏರುತ್ತದೆ. ಕೋನ್ ಕಣ್ಣಿಗೆ ಕಾಣದಷ್ಟು ಕುಗ್ಗಿ, ಪಕ್ಕದ ತಂತಿಯ ಶ್ರುತಿ ಇಳಿಯುತ್ತದೆ. ಮುಳ್ಳಿನಲ್ಲಿ ಅದು ಚೆನ್ನಾಗಿಯೇ ಕಂಡಿತು. ಅದಕ್ಕೇ ಹತ್ತು ತಂತಿ ಬೇಕು ಅನ್ನೋ ಹಟ ಬಿಟ್ಟು ಎಂಟಕ್ಕೆ ಒಪ್ಪಿದೆ. ಕೋನ್ ಮೇಲಿನ ಒತ್ತಡ ತಗ್ಗಲಿ ಅಂತ ತಂತಿಗಳು ಕುದುರೆ ಮೇಲೆ ಬಾಗೋದನ್ನೂ ಕಡಿಮೆ ಮಾಡಿಸಿದೆ. ದನಿಯ ಜೋರು ಸ್ವಲ್ಪ ತಗ್ಗುತ್ತದೆ. ತಗ್ಗಲಿ, ಶ್ರುತಿ ನಿಲ್ಲೋದು ಮುಖ್ಯ.

ಈಗ ಅವರು ಕೇಳಿರೋದು ನನ್ನ ಅಳತೆ. ನುಡಿಸುವ ಕುರ್ಚಿಯಲ್ಲೇ ಕೂತು, ನುಡಿಸುವಾಗ ಹಾಕುವ ಬೂಟನ್ನೇ ಹಾಕಿ, ನೆಲದಿಂದ ತೊಡೆಯ ಮೇಲ್ಭಾಗದವರೆಗೆ ಟೇಪ್ ಹಿಡಿದೆ. ಎಡ ಮೊಣಕಾಲು ಎಷ್ಟು ದೂರ ಹೊರಳುತ್ತದೆ ಅಂತ ರಟ್ಟಿನ ಮೇಲೆ ಗೆರೆ ಎಳೆದಿದ್ದೇನೆ. ನಾಳೆ ಕಳಿಸುತ್ತೇನೆ.